ಜಲಕನ್ಯೆಯರದು ಯಾವ ಬಳಿ?

ಐವತ್ತು ಹೆಣ್ಣುಮಕ್ಕಳನ್ನು ಹೆತ್ತವಳು ಡೋರಿಸ್. ಆದರೆ ಆ ಐವತ್ತು ಮಂದಿಯನ್ನೂ ಲೋಕ ಕರೆಯುವುದು ಅಪ್ಪನ ಹೆಸರಿನಿಂದ. ಅಪ್ಪ ನೀರಿಯಸ್ ಎಂಬ ಸಮುದ್ರದ ಮುದುಕ. ಆದ್ದರಿಂದ ಮಕ್ಕಳೆಲ್ಲ ನೀರಿಯಡ್‌ಗಳು. ಇದನ್ನು ಓದಿದಾಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಂದಲ್ಲ ಎರಡಲ್ಲ, ಐವತ್ತು ಬಾಣಂತನ! ಹೊತ್ತವಳು ಅವಳು, ಹೆತ್ತವಳು ಅವಳು, ಹೆಸರು ಮಾತ್ರ ಅವನದು. ದುಬೈ ಸಿಲಿಕಾನ್ ಓಯಸಿಸ್‌ನ ನಮ್ಮ ಫ್ಲಾಟಿನ ಊಟದ ಮೇಜಿನ ಮುಂದೆ ಕೂತು ಗ್ರೀಸ್ ದೇಶದ ಹೆಂಗಸೊಬ್ಬಳ ಪರವಾಗಿ ನಾನು ಜೋರು ಮಾಡುತ್ತಿದ್ದೆ. ನನ್ನ ಗಂಡ ಟಿವಿಯ ದನಿ ಸ್ವಲ್ಪ ಏರಿಸಿದ.

ಅದು ಮಗಳ ಶಾಲೆಯ ಕೆಲಸ. ಅವಳಿಗಾಗ ಹತ್ತು ವರ್ಷ. ಇಂಗ್ಲಿಷರ ಪಠ್ಯಕ್ರಮದ ಶಾಲೆ, ಆ ಅವಧಿಗೆ ಗ್ರೀಕ್ ಪುರಾಣ ಪಾಠ. ಪ್ರತಿ ಮಗುವೂ ಪುರಾಣದ ಒಂದು ಕುಟುಂಬ ಆರಿಸಿಕೊಂಡು, ಅದರ ವಂಶವೃಕ್ಷ ಬರೆದು, ತಂದೆತಾಯಿಯರ ಎದುರಿಗೆ ನಿಂತು ವಿವರಿಸಬೇಕು. ಬೇರೆ ಮಕ್ಕಳೆಲ್ಲ ಗುಡುಗು ಸಿಡಿಲಿನ ದೊಡ್ಡ ದೇವರುಗಳ ಮೇಲೆ ಮುಗಿಬಿದ್ದರಂತೆ. ನಮ್ಮವಳು ಕೈಯೆತ್ತಿ ನೀರಿನ ಹುಡುಗಿಯರನ್ನು ಕೇಳಿ ಪಡೆದಿದ್ದಳು. ಕಟ್ಟಡದ ಕೆಳಗಿನ ಈಜುಕೊಳಕ್ಕೆ ಇಳಿದರೆ ಬೆರಳು ಸುಕ್ಕುಗಟ್ಟುವವರೆಗೆ ಮೇಲೆ ಬಾರದ ಜಾತಿ ಅವಳದು, ಬೇರೇನು ಆರಿಸಿಯಾಳು?

ಮಗಳು ಎಂದೆ. ಹೆತ್ತವಳು ನಾನಲ್ಲ, ನನ್ನ ಅಕ್ಕ. ಮಗುವಿಗೆ ಹಲ್ಲು ಮೂಡುವ ಸಮಯದಲ್ಲಿ ಅಕ್ಕ ಅಬುಧಾಬಿಯಲ್ಲಿ ಜ್ವರ ಎಂದು ಮಲಗಿದವಳು ಮತ್ತೆ ಏಳಲಿಲ್ಲ. ಭಾವನಿಗೆ ಆಗ ದಿನವಿಡೀ ತಿರುಗಾಟದ ಸೇಲ್ಸ್ ಕೆಲಸ. ಫ್ಲಾಟಿನ ಬಾಡಿಗೆ ಒಬ್ಬನಿಂದ ತೂಗಿಸಲಾಗದೆ ಬೆಡ್‌ಸ್ಪೇಸಿಗೆ ಹೋದ. ಆರು ಗಂಡಸರ ಕೋಣೆಯಲ್ಲಿ ಮಗುವನ್ನು ಎಲ್ಲಿ ಮಲಗಿಸುವುದು? ನಮಗೆ ಮಕ್ಕಳಿರಲಿಲ್ಲ. ಎತ್ತಿಕೊಂಡು ದುಬೈಗೆ ಬಂದೆ. ಯಾರನ್ನೂ ಕೇಳುವ ಪ್ರಶ್ನೆಯೇ ಇರಲಿಲ್ಲ, ಏಕೆಂದರೆ ನಮ್ಮಲ್ಲಿ ಅಳಿಯಕಟ್ಟು. ಉಡುಪಿಯ ಕಡಲ ಕರೆಯ ತುಳು ಮಾತಾಡುವ ಮನೆ ನಮ್ಮದು. ನಮ್ಮಲ್ಲಿ ಕುಲ ಬರುವುದು ತಾಯಿಯಿಂದ. ಅದಕ್ಕೆ ಬಳಿ ಎನ್ನುತ್ತೇವೆ. ಅಜ್ಜಿಯದು ಯಾವ ಬಳಿಯೋ ಅಮ್ಮನದೂ ಅದೇ, ಅಕ್ಕನದೂ ಅದೇ, ನನ್ನದೂ ಅದೇ. ಹುಡುಗಿ ನಮ್ಮ ಬಳಿಯವಳು, ನಮ್ಮ ಮನೆಯವಳು. ಅಪ್ಪ ಎಷ್ಟೇ ಒಳ್ಳೆಯವನಿರಲಿ, ಅವನದು ಬೇರೆ ಬಳಿ.

ಈ ದೇಶದ ಕಾನೂನಿಗೆ ಅದೆಲ್ಲ ಗೊತ್ತಿಲ್ಲವಲ್ಲ. ಮಗುವಿನ ವೀಸಾ ಅಪ್ಪನ ಹೆಸರಿನಲ್ಲಿ. ವೀಸಾ ಹೊಸದು ಮಾಡಬೇಕಾದಾಗಲೆಲ್ಲ ಅವಳನ್ನು ಅಬುಧಾಬಿಗೆ ಕರೆದುಕೊಂಡು ಹೋಗುತ್ತಿದ್ದೆವು. ವೀಸಾ ಅವನದು, ಬಳಿ ಅಕ್ಕನದು, ಟಿಫಿನ್ ಡಬ್ಬಿ ನನ್ನದು. ಹಾಗೇ ನಡೆದುಕೊಂಡು ಬಂದಿತ್ತು. ಅವಳು ನನ್ನನ್ನು ಅಮ್ಮ ಎನ್ನುತ್ತಾಳೆ, ನನ್ನ ಗಂಡನನ್ನು ಚಿಕ್ಕಪ್ಪ ಎನ್ನುತ್ತಾಳೆ, ಭಾವನನ್ನು ಪಪ್ಪ ಎನ್ನುತ್ತಾಳೆ. ಕೇಳಿದವರಿಗೆ ತಲೆ ಕೆಡುತ್ತಿತ್ತು, ನಮಗೆ ಕೆಡುತ್ತಿರಲಿಲ್ಲ.

ಭಾವ ಆಮೇಲೆ ಹಮ್ದಾನ್ ಸ್ಟ್ರೀಟಿನ ಒಂದು ಅಂಗಡಿಯಲ್ಲಿ ಮ್ಯಾನೇಜರ್ ಆದ, ಮೈಸೂರು ಕಡೆಯ ಹುಡುಗಿಯನ್ನು ಮದುವೆಯಾದ, ಅವರಿಗೊಂದು ಹೆಣ್ಣುಮಗು ಹುಟ್ಟಿತು. ಆ ಮಗು ಗೋಡೆ ಹಿಡಿದು ನಡೆಯುವ ಹೊತ್ತಿಗೆ, ಪ್ರಾಜೆಕ್ಟ್ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ, ಒಂದು ಶುಕ್ರವಾರ ಅವನೊಬ್ಬನೇ ನಮ್ಮ ಮನೆಗೆ ಊಟಕ್ಕೆ ಬಂದ. ಬಂಗುಡೆ ಸಾರು ಮಾಡಿದ್ದೆ. ಊಟವಾಗಿ ಕೈ ತೊಳೆದು ಬಂದು, ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಳ್ಳುತ್ತಾ ನಿಂತ.

"ನಿನ್ನ ಹತ್ರ ಒಂದು ವಿಷಯ ಮಾತಾಡ್ಲಿಕ್ಕುಂಟು" ಎಂದ. "ಬರುವ ವರ್ಷದಿಂದ ಅವಳನ್ನು ನಮ್ಮೊಟ್ಟಿಗೆ ಇಟ್ಕೊಳ್ಳುವಾ ಅಂತ. ಈಗ ಮನೆ ಉಂಟು, ಶಾಲೆ ಹತ್ರವೇ ಉಂಟು."

"ಇಷ್ಟು ವರ್ಷ ಎಂತ ಅವಳು ಬೀದಿಯಲ್ಲಿದ್ದದ್ದಾ?" ಎಂದೆ.

"ಹಾಗೆ ಹೇಳಿದ್ದಲ್ಲ ಮಾರಾಯ್ತಿ. ನಿನಗೆ ಗೊತ್ತುಂಟಲ್ಲ, ನನ್ನ ಕೈಯಲ್ಲಿ ಆಗ ಎಂತ ಇತ್ತು?"

ಗೊತ್ತಿತ್ತು. ಅದೇ ತೊಂದರೆ. ಅವನು ಕೆಟ್ಟವನಾಗಿದ್ದರೆ ಬೈದು ಕಳಿಸುತ್ತಿದ್ದೆ. ಪ್ರತಿ ತಿಂಗಳು ಬಸ್ಸಿನಲ್ಲಿ ಬಂದು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಸಂಜೆಯ ಬಸ್ಸು ಹಿಡಿಯುವಾಗ ತಿರುಗಿ ನೋಡದೆ ಹೋಗುತ್ತಿದ್ದ ಮನುಷ್ಯ ಅವನು. ತಿರುಗಿ ನೋಡಿದರೆ ಹೋಗಲಾಗುವುದಿಲ್ಲ ಎಂದು ಒಮ್ಮೆ ನನ್ನ ಗಂಡನಿಗೆ ಹೇಳಿದ್ದನಂತೆ. ಹಾಗಿದ್ದರೂ ಕೊಡುವುದಿಲ್ಲ ಎಂದೆ. ನನ್ನ ಗಂಡ ನಡುವೆ ಬಂದು, "ಖಲಾಸ್, ಈಗ ಅದು ಬೇಡ. ಅವಳನ್ನೇ ಕೇಳುವಾ, ಪರೀಕ್ಷೆ ಮುಗಿಯಲಿ" ಎಂದ. ಭಾವ ತಲೆಯಾಡಿಸಿ ಹೋದ. ಕೋಣೆಯೊಳಗಿದ್ದ ಹುಡುಗಿಗೆ ಎಲ್ಲ ಕೇಳಿಸಿದೆ ಎಂದು ನನಗೆ ಗೊತ್ತಾದದ್ದು, ಅವಳು ಆ ಸಂಜೆ ಈಜಲು ಹೋಗದೆ ಇದ್ದದ್ದರಿಂದ.

ಇದರ ನಡುವೆ ಈ ಜಲಕನ್ಯೆಯರು ಬಂದರು. ಅಲ್ ಕೂಜ್‌ನಲ್ಲಿ ನನ್ನ ಆಫೀಸು. ಮನೆಮನೆಗೆ ಕುಡಿಯುವ ನೀರಿನ ದೊಡ್ಡ ಬಾಟಲಿ ತಲುಪಿಸುವ ಕಂಪನಿ. ನೀರು ಬಂದಿಲ್ಲ ಎಂದು ಬೈಯುವವರ ಫೋನೆತ್ತುವುದು ನನ್ನ ಕೆಲಸ. ಊಟದ ಬಿಡುವಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಗ್ರೀಕರ ಸಂಬಂಧಗಳನ್ನು ಓದತೊಡಗಿದೆ. ಭೂಮಿಯನ್ನು ಸುತ್ತಿ ಹರಿಯುವ ಮಹಾನದಿ ಓಷಿಯಾನಸ್. ಅವನ ಹೆಂಡತಿ ಅವನ ತಂಗಿಯೇ. ನಮ್ಮಲ್ಲಿ ಒಂದೇ ಬಳಿಯವರು ಮದುವೆಯಾದರೆ ಊರೆಲ್ಲ ಬಾಯಿ ಮೇಲೆ ಕೈ ಇಡುತ್ತದೆ, ಇವರು ಅಣ್ಣ ತಂಗಿ! ಅವರಿಗೆ ಸಾವಿರಗಟ್ಟಲೆ ಹೆಣ್ಣುಮಕ್ಕಳು, ಓಷಿಯಾನಿಡ್‌ಗಳು. ಸಾವಿರಗಟ್ಟಲೆ ಗಂಡುಮಕ್ಕಳು, ಲೋಕದ ನದಿಗಳೆಲ್ಲ. ಹೆಣ್ಣುಮಕ್ಕಳಲ್ಲಿ ಒಬ್ಬಳು ನಮ್ಮ ಡೋರಿಸ್, ಐವತ್ತು ನೀರಿಯಡ್‌ಗಳ ತಾಯಿ. ಗಂಡುಮಕ್ಕಳಾದ ನದಿಗಳಿಗೆ ಹುಟ್ಟಿದವರು ನಾಯಡ್‌ಗಳು. ಬುಗ್ಗೆ, ಹೊಳೆ, ಬಾವಿಗಳಲ್ಲಿ ಇರುವವರು. ತನ್ನ ಬುಗ್ಗೆ ಬತ್ತಿದರೆ ನಾಯಡ್ ಬದುಕುವುದಿಲ್ಲವಂತೆ. ಹಾಗಾದರೆ ಈ ದೇಶದಲ್ಲಿ ನಾಯಡ್‌ಗೆ ಜಾಗವೇ ಇಲ್ಲ ಎಂದುಕೊಂಡೆ. ಇಲ್ಲಿ ಹೊಳೆಯೂ ಇಲ್ಲ, ಬುಗ್ಗೆಯೂ ಇಲ್ಲ. ನಲ್ಲಿಯಲ್ಲಿ ಬರುವುದು ಉಪ್ಪು ತೆಗೆದ ಸಮುದ್ರ. ಇಲ್ಲಿ ಯಾರೇ ನೀರು ಕುಡಿದರೂ ಡೋರಿಸ್‌ನ ಮನೆಯದೇ ಕುಡಿಯಬೇಕು.

ಬುಧವಾರ ಸಂಜೆ ದೊಡ್ಡ ಬಿಳಿ ಹಾಳೆಯನ್ನು ಮೇಜಿನ ಮೇಲೆ ಹರಡಿ ಅಮ್ಮ ಮಗಳು ಕೂತೆವು. ಅವಳು ಪೆನ್ಸಿಲಿನಲ್ಲಿ ನೀರಿಯಸ್‌ನ ಹೆಸರು ಬರೆದು ಕೆಳಕ್ಕೆ ಗೆರೆ ಎಳೆಯಹೊರಟಳು.

"ಇದೆಂತ? ತಾಯಿ ಎಲ್ಲಿ?" ಎಂದೆ.

"ಪಕ್ಕದಲ್ಲಿ ಬರೀತೇನೆ. ಮಿಸ್ ತೋರಿಸಿದ್ದ್ರಲ್ಲಿ ಫಾದರ್ ಮೇಲೆ ಇತ್ತು."

"ಮಿಸ್‌ನ ಊರಲ್ಲಿ ಹಾಗೆ. ವಂಶ ಅಂದ್ರೆ ತಾಯಿಯಿಂದ ಇಳಿಯುವುದಲ್ವಾ? ರಬ್ಬರ್ ತಾ."

ನಿಜ ಹೇಳಬೇಕೆಂದರೆ, ಅದು ಹಟವೂ ಆಗಿರಲಿಲ್ಲ, ಭಾವನ ಮೇಲಿನ ಸೇಡೂ ಆಗಿರಲಿಲ್ಲ. ವಂಶವೃಕ್ಷ ಎಂದರೆ ನನ್ನ ಕೈಗೆ ಬರುವುದೇ ಹಾಗೆ. ಮೇಲೆ ಓಷಿಯಾನಸ್‌ನ ಹೆಂಡತಿಯನ್ನು, ಎಂದರೆ ನೀರಿಯಡ್‌ಗಳ ಅಜ್ಜಿಯನ್ನು ಕೂರಿಸಿದೆ. ಆ ಅಜ್ಜಿಯ ಹೆಸರಿಗೂ ಅವಳ ಮೊಮ್ಮಗಳು ಥೀಟಿಸ್‌ನ ಹೆಸರಿಗೂ ಹೆಚ್ಚು ವ್ಯತ್ಯಾಸವಿಲ್ಲ, ಆದ್ದರಿಂದ ನಾವು ಅಜ್ಜಿ ಎಂದೇ ಕರೆದೆವು. ಅಜ್ಜಿಯ ಕೆಳಗೆ ಹೆಣ್ಣುಮಕ್ಕಳು, ಡೋರಿಸ್‌ನ ಕೆಳಗೆ ನೀರಿಯಡ್‌ಗಳು. ನೀರಿಯಸ್‌ನನ್ನು ಒಂದು ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆಸಿದೆ, ಮದುವೆಮನೆಗೆ ಬಂದ ನೆಂಟನ ಹಾಗೆ. ಓಷಿಯಾನಸ್‌ಗೂ ಅದೇ ಗತಿ. ಬಹಳ ಚೆನ್ನಾಗಿ ಬಂತು ಎಂದು ನಾನು ಹಿಗ್ಗುತ್ತಿರುವಾಗ ಅವಳು ಕೇಳಿದಳು:

"ನಾಯಡ್ಸ್ ಎಲ್ಲಿ ಹಾಕುವುದು?"

"ಅವರು ನದಿಗಳ ಮಕ್ಕಳಲ್ವಾ? ನದಿಗಳು ಅಜ್ಜಿಯ ಗಂಡುಮಕ್ಕಳು. ಗಂಡುಮಕ್ಕಳ ಮಕ್ಕಳು ಅಜ್ಜಿಯ ಮನೆಗೆ ಬರುವುದಿಲ್ಲ. ಅವರವರ ತಾಯಿಯ ಮನೆಗೆ."

"ಬಟ್ ಅವರ ತಾಯಿ ಹೆಸರೇ ಎಲ್ಲಿಯೂ ಇಲ್ಲ. ನಾನು ಹುಡುಕಿದೆ."

"ಹಾಗಾದ್ರೆ ಬಿಡು."

ಅವಳು ಬಿಡಲಿಲ್ಲ. ಪೆನ್ಸಿಲಿನ ತುದಿ ಕಚ್ಚುತ್ತಾ ಹಾಳೆಯನ್ನೇ ನೋಡುತ್ತಾ ಕೂತಳು. "ಹಾಗಾದ್ರೆ ಬೇಬಿ?" ಎಂದಳು ಆಮೇಲೆ. ಅಬುಧಾಬಿಯ ಮಗುವನ್ನು ಅವಳು ಬೇಬಿ ಎನ್ನುತ್ತಿದ್ದಳು. "ಬೇಬಿ ನನ್ನ ಬಳಿಯಾ?"

"ಅಲ್ಲ. ನಿನ್ನದು ಅಕ್ಕನ ಬಳಿ. ಅವಳ ತಾಯಿ ಬೇರೆ."

"ಪಪ್ಪನ ಬಳಿಯಾ?"

"ಅದು ಹೇಗೆ? ಪಪ್ಪನ ಬಳಿ ಪಪ್ಪನ ತಂಗಿಯ ಮಕ್ಕಳಿಗೆ."

"ಆಂಟಿಯದ್ದು?"

ಆಂಟಿ ಎಂದರೆ ಬೇಬಿಯ ತಾಯಿ. ಮೈಸೂರು ಕಡೆಯ ಅವರಲ್ಲಿ ಎಲ್ಲ ಅಪ್ಪನಿಂದ. ಅಪ್ಪನ ಮನೆತನ, ಅಪ್ಪನ ಗೋತ್ರ. ಮಗು ಅಪ್ಪನದು ಎಂದು ತಾಯಿಯ ಕಡೆಯವರು ಹೇಳುತ್ತಾರೆ, ತಾಯಿಯದು ಎಂದು ಅಪ್ಪನ ಕಡೆಯವರು ಹೇಳುತ್ತಾರೆ. ಇದನ್ನು ಬಿಡಿಸಿ ಹೇಳಿದಾಗ ನನಗೇ ನಗು ಬಂತು. "ಎರಡು ಕಡೆಯ ಲೆಕ್ಕದಲ್ಲಿಯೂ ಇಲ್ಲ ನೋಡು ಅವಳು!" ಎಂದೆ.

ಹುಡುಗಿ ನಗಲಿಲ್ಲ. "ದಟ್ಸ್ ನಾಟ್ ಫೇರ್" ಎಂದಳು. ಆಮೇಲೆ ಹಾಳೆಯನ್ನು ಸುರುಳಿ ಸುತ್ತಿಕೊಂಡು ತನ್ನ ಕೋಣೆಗೆ ಹೋದಳು. ಬಣ್ಣ ತಾನೇ ಹಚ್ಚುತ್ತೇನೆ, ನೀವು ಬರಬೇಡಿ ಎಂದು ಬಾಗಿಲು ಹಾಕಿಕೊಂಡಳು.

ಗುರುವಾರ ಶಾಲೆಯ ಸಭಾಂಗಣದಲ್ಲಿ ಸಾಲಾಗಿ ಬೋರ್ಡುಗಳು. ನಾನು ಅರ್ಧ ದಿನ ರಜೆ ಹಾಕಿ ಹೋಗಿದ್ದೆ. ಭಾವ ಹೆಂಡತಿ ಮಗುವಿನೊಂದಿಗೆ ಅಬುಧಾಬಿಯಿಂದ ಬಂದಿದ್ದ. ಹುಡುಗಿಯೇ ಫೋನ್ ಮಾಡಿ ಕರೆದಿದ್ದಳು. ನನಗೆ ಅದು ಗೊತ್ತಿರಲಿಲ್ಲ. ಅವನ ಹೆಂಡತಿ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ನನ್ನ ಪಕ್ಕಕ್ಕೆ ಬಂದು, "ಚೆನ್ನಾಗಿದ್ದೀರಾ ಅಕ್ಕಾ? ಟ್ರಾಫಿಕ್ ನೋಡಿ, ಎಷ್ಟೊತ್ತಾಗೋಯ್ತು" ಎಂದಳು. ಚೆನ್ನಾಗಿದ್ದೇನೆ ಎಂದೆ. ಅವಳ ಮೇಲೆ ನನಗೆ ಯಾವತ್ತೂ ಸಿಟ್ಟು ಬರುವಂತೆ ಅವಳು ನಡೆದುಕೊಂಡವಳಲ್ಲ, ಅದೂ ಒಂದು ಕಷ್ಟವೇ.

ಭಾವ ನಮ್ಮ ಹುಡುಗಿಯ ಬೋರ್ಡಿನ ಮುಂದೆ ನಿಂತಿದ್ದ. ಆ ಸಭಾಂಗಣದಲ್ಲಿ ಎಷ್ಟೋ ದೇಶದ ತಂದೆತಾಯಿಯರು ಅದರ ಮುಂದೆ ಹಾದುಹೋದರು. ಅದನ್ನು ನೋಡಿದ ಕೂಡಲೇ ಅಳಿಯಕಟ್ಟು ಎಂದು ಓದಬಲ್ಲವರು ನಾವಿಬ್ಬರೇ. ಅವನು ಮೂಲೆಯಲ್ಲಿದ್ದ ನೀರಿಯಸ್‌ನ ಸಣ್ಣ ಹೆಸರನ್ನು ಬಗ್ಗಿ ನೋಡಿದ. ತಿರುಗಿ ನನ್ನನ್ನು ನೋಡಿದ. ಆ ಮುಖದಲ್ಲಿ ಕೋಪವಿರಲಿಲ್ಲ; ಇಷ್ಟೇ ಅಲ್ಲವಾ ನನ್ನ ಜಾಗ, ಎಂದು ಕೇಳುವ ಹಾಗಿತ್ತು. ನನಗೆ ಅಯ್ಯೋ ಅನ್ನಿಸಿತು. ಹಾಗಲ್ಲ ಭಾವ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಟೀಚರ್ ಚಪ್ಪಾಳೆ ತಟ್ಟಿ ಎಲ್ಲರನ್ನೂ ಕೂರಿಸಿದರು.

ನಮ್ಮವಳ ಸರದಿ ಬಂದಾಗ ಅವಳು ಇಂಗ್ಲಿಷಿನಲ್ಲಿ, ಯಾವ ಅಂಜಿಕೆಯೂ ಇಲ್ಲದೆ ಹೇಳಿದಳು. ನಮ್ಮ ಮನೆಯಲ್ಲಿ ವಂಶ ತಾಯಿಯಿಂದ ಬರುತ್ತದೆ, ಆದ್ದರಿಂದ ಹೀಗೆ ಬರೆದಿದ್ದೇವೆ ಎಂದಳು. ಟೀಚರ್, ಅಪರೂಪವಾಗಿದೆ, ಆದರೆ ಕೆಳಗಿರುವ ಈ ನೀಲಿ ಏನು ಎಂದು ಕೇಳಿದರು. ಆಗಲೇ ನಾನು ಅದನ್ನು ಗಮನಿಸಿದ್ದು. ಹಾಳೆಯ ಕೆಳಭಾಗದಲ್ಲಿ, ಎಲ್ಲ ಗೆರೆಗಳಿಂದಾಚೆ, ಅವಳು ಒಂದು ದೊಡ್ಡ ನೀಲಿ ಕೊಳ ಬರೆದಿದ್ದಳು. ಅದರೊಳಗೆ ನಾಯಡ್‌ಗಳ ಹೆಸರುಗಳು ಒತ್ತೊತ್ತಾಗಿ ಈಜುತ್ತಿದ್ದವು.

"ಇವರ ತಾಯಂದಿರ ಹೆಸರು ಯಾರೂ ಬರೆದಿಟ್ಟಿಲ್ಲ. ಅದಕ್ಕೆ ಇವರಿಗೆ ಮೇಲೆ ಜಾಗ ಸಿಗಲಿಲ್ಲ" ಎಂದಳು. "ಆದರೆ ಒಂದೇ ನೀರಿನಲ್ಲಿ ಇರುವುದರಿಂದ ಇವರು ಅಕ್ಕತಂಗಿಯರು."

ಆಮೇಲೆ ಥೀಟಿಸ್‌ನ ಕಥೆ ಹೇಳಿದಳು. ಒಬ್ಬ ದೇವಿ ತನ್ನ ಕುಂಟು ಮಗುವನ್ನು ಆಕಾಶದಿಂದ ಎಸೆದಳು. ಅದು ಸಮುದ್ರಕ್ಕೆ ಬಿತ್ತು. ನೀರಿಯಡ್ ಥೀಟಿಸ್ ಮತ್ತು ಅವಳ ಒಬ್ಬ ಚಿಕ್ಕಮ್ಮ ಸೇರಿ ಅದನ್ನು ನೀರಿನಡಿಯ ಗುಹೆಯಲ್ಲಿ ಒಂಬತ್ತು ವರ್ಷ ಸಾಕಿದರು. ಅದು ಅವರಿಗೆ ಸಂಬಂಧವೇ ಇಲ್ಲದ ಮಗು. ಅವನು ದೊಡ್ಡವನಾಗಿ ಮೇಲೆ ಹೋಗಿ ದೇವರುಗಳ ಕಮ್ಮಾರನಾದ. ಎಷ್ಟೋ ವರ್ಷಗಳ ನಂತರ ಒಂದು ದಿನ ಥೀಟಿಸ್ ಅವನ ಮನೆಬಾಗಿಲಿಗೆ ಬಂದಾಗ, ಅವನು ಕೆಲಸ ನಿಲ್ಲಿಸಿ, ಕೈ ಮುಖ ತೊಳೆದುಕೊಂಡು ಓಡಿಬಂದು, ನಿನಗೇನು ಬೇಕು ಹೇಳು ಎಂದ.

"ಸೋ ಹಿ ವೆಂಟ್, ಬಟ್ ಹಿ ಡಿಡ್ ನಾಟ್ ಫರ್ಗೆಟ್" ಎಂದು ಮುಗಿಸಿದಳು. ಹೇಳುವಾಗ ಅವಳು ಟೀಚರನ್ನು ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಒಂಬತ್ತು ವರ್ಷ ಎಂದ ಕೂಡಲೇ ನನಗೆ ವಿಷಯ ತಿಳಿದುಹೋಗಿತ್ತು; ಅವಳು ನನ್ನ ಮನೆಗೆ ಬಂದು ಅಷ್ಟೇ ವರ್ಷವಾಗಿತ್ತು. ಜನ ಚಪ್ಪಾಳೆ ತಟ್ಟಿದರು. ನನಗೆ ಕೈ ಏಳಲಿಲ್ಲ.

ಮನೆಗೆ ಬರುವಾಗ ಕಾರಿನಲ್ಲಿ ನಾವಿಬ್ಬರೇ. ಸಿಗ್ನಲ್ಲಿನಲ್ಲಿ ನಿಂತಾಗ ಅವಳೇ ಶುರುಮಾಡಿದಳು.

"ಅಮ್ಮ, ನಾನು ಹೋಗ್ತೇನೆ. ನೆಕ್ಸ್ಟ್ ಇಯರ್."

"ಪಪ್ಪ ಹೇಳಿಕೊಟ್ಟದ್ದಾ?"

"ನೋ. ಬೇಬಿ ಯಾರ ಲೆಕ್ಕದಲ್ಲಿಯೂ ಇಲ್ಲ ಅಂತ ನೀವೇ ಹೇಳಿದ್ದಲ್ವಾ? ನಂಗೆ ನೀವಿದ್ದೀರಿ, ಬಳಿ ಉಂಟು, ಎಲ್ಲ ಉಂಟು. ಅವಳಿಗೆ ಅಕ್ಕ ಕೂಡ ಇಲ್ಲದಿದ್ರೆ ಹೇಗೆ?"

ನಾನು ನಗುತ್ತಾ ಆಡಿದ ಮಾತು. ಅವಳು ಅದನ್ನು ಎತ್ತಿಕೊಂಡು ಹೋಗಿ ಬಣ್ಣ ಹಚ್ಚಿ, ಅದಕ್ಕೊಂದು ಕೊಳ ಮಾಡಿ, ಈಗ ನನ್ನ ಮುಂದೆಯೇ ತಂದು ಇಟ್ಟಿದ್ದಳು. ಹಿಂದಿನ ಗಾಡಿಯವನು ಹಾರ್ನ್ ಹೊಡೆದ. ಹಸಿರು ದೀಪ ಯಾವಾಗ ಬಂದಿತ್ತೋ. ಗಾಡಿ ಓಡಿಸುತ್ತಾ ಅತ್ತೆ, ಅಳುತ್ತಾ ಹಿಂದಿನವನಿಗೆ ತುಳುವಿನಲ್ಲಿ ಬೈದೆ. ನನ್ನ ಮಗಳು ಡ್ಯಾಶ್‌ಬೋರ್ಡಿನ ಟಿಶ್ಯೂ ಡಬ್ಬಿಯನ್ನು ನನ್ನ ಮಡಿಲಿಗಿಟ್ಟಳು. ಬೇಡ, ಹೋಗಬೇಡ ಎಂದು ಹೇಳಬಹುದಿತ್ತು. ಹೇಳಿದ್ದರೆ ಅವಳು ನಿಲ್ಲುತ್ತಿದ್ದಳು ಎಂಬುದು ನನಗೆ ಗೊತ್ತಿತ್ತು, ಅದಕ್ಕೇ ಹೇಳಲಿಲ್ಲ.

ಬೇಸಿಗೆ ರಜೆ ಮುಗಿದ ಮೇಲೆ ಅವಳ ಬಟ್ಟೆಬರೆ, ಪುಸ್ತಕ, ಈಜುವ ಕನ್ನಡಕ ಎಲ್ಲವನ್ನೂ ಕಾರಿಗೆ ತುಂಬಿ ಅಬುಧಾಬಿಗೆ ಬಿಟ್ಟು ಬಂದೆವು. ಭಾವ ಕೆಳಗೆ ಬಂದು ಸೂಟ್‌ಕೇಸ್ ಇಳಿಸಿಕೊಂಡ. "ನಿನ್ನ ಮನೆಯವಳೇ ಅವಳು, ಅದು ಬದಲಾಗುವುದಿಲ್ಲ" ಎಂದ. ನಾನು ಆ ಬೋರ್ಡಿನ ವಿಷಯ ಎತ್ತಿ, "ಮೂಲೆಯಲ್ಲಿ ಬರೆಸಿದ್ದು ನಿಮ್ಮ ಮೇಲಿನ ಸಿಟ್ಟಿಗಲ್ಲ ಭಾವ, ನನ್ನ ಕೈಗೆ ಬರುವುದೇ ಹಾಗೆ" ಎಂದೆ. "ಗೊತ್ತುಂಟು ಮಾರಾಯ್ತಿ. ನನ್ನ ಕೈಯಲ್ಲಿ ಬರೆಸಿದ್ರೂ ಹಾಗೇ ಬರ್ತಿತ್ತು" ಎಂದು ನಕ್ಕ. ಬರುವಾಗ ನಾನು ತಿರುಗಿ ನೋಡಲಿಲ್ಲ. ತಿರುಗಿ ನೋಡದೆ ಹೋಗುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು.

ಆಮೇಲೆ ಶುಕ್ರವಾರಗಳಂದು ರಸ್ತೆ ಹಿಡಿಯುವ ಸರದಿ ನನ್ನದಾಯಿತು. ಮೀನು ಹುರಿದು ಡಬ್ಬಿಗೆ ಹಾಕಿಕೊಂಡು ಹಮ್ದಾನ್ ಸ್ಟ್ರೀಟಿನ ಹಿಂದಿನ ಅವರ ಕಟ್ಟಡಕ್ಕೆ ಹೋಗುತ್ತಿದ್ದೆ. ಮೊದಮೊದಲು ಸಣ್ಣದು ನನ್ನನ್ನು ಕಂಡರೆ ತನ್ನ ಅಕ್ಕನ ಹಿಂದೆ ಅಡಗುತ್ತಿತ್ತು. ಅಕ್ಕ ಊಟಕ್ಕೆ ಕೂತರೆ ತಾನೂ ಕೂರಬೇಕು, ಅಕ್ಕ ಪುಸ್ತಕ ತೆರೆದರೆ ತಾನೂ ತೆರೆಯಬೇಕು. ಆ ಕಟ್ಟಡದಲ್ಲಿ ಈಜುಕೊಳವಿರಲಿಲ್ಲ, ಆದ್ದರಿಂದ ಇಬ್ಬರೂ ಬಾತ್‌ಟಬ್ಬಿನಲ್ಲಿ ನೀರು ತುಂಬಿಸಿಕೊಂಡು ಜಲಕನ್ಯೆಯರ ಆಟವಾಡುತ್ತಿದ್ದರಂತೆ. "ಬಿಲ್ ನೋಡಿ ಇವರು ಗಾಬರಿಯಾಗೋದ್ರು ಅಕ್ಕಾ" ಎಂದು ಸಣ್ಣದರ ತಾಯಿ ನಗುತ್ತಿದ್ದಳು.

ಸಣ್ಣವಳಿಗೆ ಮಾತು ಚೆನ್ನಾಗಿ ಬರತೊಡಗಿದ ಮೇಲೆ ಒಂದು ಶುಕ್ರವಾರ ಬೆಲ್ ಒತ್ತಿದೆ. ಒಳಗಿನಿಂದ ನನ್ನ ಮಗಳು "ಅಮ್ಮ ಬಂದ್ರು, ಅಮ್ಮ ಬಂದ್ರು! ಹಿಟ್ಟಿನ ಕೈ, ತೊಳ್ಕೊಂಡು ಬಂದೆ" ಎಂದು ಅಡುಗೆಮನೆಯಿಂದ ಕೂಗುವುದು ಕೇಳಿಸಿತು. ಅವಳಿಗಿಂತ ಮೊದಲು ಬಾಗಿಲಿಗೆ ಓಡಿಬಂದದ್ದು ಸಣ್ಣದು. ನನ್ನ ಎರಡು ಕಾಲುಗಳನ್ನು ತಬ್ಬಿ ಹಿಡಿದು, ತಲೆಯೆತ್ತಿ, "ಅಮ್ಮಾ" ಎಂದಿತು. ಅದರ ಹಿಂದೆ ಬಂದ ಅದರ ತಾಯಿ ನಕ್ಕುಬಿಟ್ಟಳು.

"ನಾನು ಮಮ್ಮಿ, ನೀವು ಅಮ್ಮ ಅಂತೆ. ಅಕ್ಕ ಹಂಗೇ ಅಂತಾಳೆ, ಅದಕ್ಕೆ ಇವಳೂ ಹಂಗೇ ಅನ್ನೋದು. ದೊಡ್ಡಮ್ಮ ಅನ್ನು ಅಂತ ಎಷ್ಟ್ ಹೇಳಿದ್ರೂ ಕೇಳಲ್ಲ. ನೀವೇ ತಿದ್ದಿ ಅಕ್ಕಾ."

ತಿದ್ದಲು ಏನಿದೆ? ನಮ್ಮ ಲೆಕ್ಕದಲ್ಲಿ ಆ ಮಗು ನನಗೆ ಏನೂ ಆಗಬೇಕಾಗಿಲ್ಲ, ದೊಡ್ಡಮ್ಮ ಎಂದರೂ ತಪ್ಪೇ. ಮೀನಿನ ಡಬ್ಬಿಯನ್ನು ಅವಳ ತಾಯಿಯ ಕೈಗೆ ಕೊಟ್ಟು, ಚಪ್ಪಲಿಯನ್ನೂ ಕಳಚದೆ, ನಾನು ಅವಳನ್ನು ಎತ್ತಿಕೊಂಡೆ.